ಫೆಲೋಶಿಪ್ ತಡವಾದರೆ ಕೋಶಗಳು ಕಾಯುವುದಿಲ್ಲ

ಮಾನ್ಯರೇ,

ನನ್ನ ಮಗಳು ಸ್ತನ ಕ್ಯಾನ್ಸರ್ ಕೋಶಗಳ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಕೋಶದ ಮೈಮೇಲೆ ಹರ್–2 ಎಂಬ ಪ್ರೋಟೀನ್ ಜಾಸ್ತಿಯಾದರೆ ‘ಬೆಳೆ, ಎರಡಾಗು’ ಎಂಬ ಸಂದೇಶ ಒಳಗೆ ಹೋಗುತ್ತಲೇ ಇರುತ್ತದೆಯಂತೆ. ಅದನ್ನು ತಡೆಯುವ ಟ್ರಾಸ್ಟುಜುಮಾಬ್ ಔಷಧಕ್ಕೆ ಅಮೆರಿಕದಲ್ಲಿ 1998ರಲ್ಲೇ ಒಪ್ಪಿಗೆ ಸಿಕ್ಕಿತು. ಇಂಥ ಸಂಶೋಧನೆಯಿಂದಲೇ ಅಲ್ವಾ ಅದು ಬಂದದ್ದು?

ಲ್ಯಾಬಿನಲ್ಲಿ ಕೋಶಗಳನ್ನು 37 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಎರಡು ಮೂರು ದಿನಕ್ಕೊಮ್ಮೆ ಪೋಷಕ ದ್ರವ ಬದಲಿಸಬೇಕು. ತಪ್ಪಿದರೆ ಕೆಂಪು ದ್ರವ ಹಳದಿಗೆ ತಿರುಗಿ, ಕೋಶಗಳು ಸಾಯುತ್ತವೆ. ಫೆಲೋಶಿಪ್ ಹಣ ಮಾತ್ರ ತಿಂಗಳುಗಟ್ಟಲೆ ಬರುವುದಿಲ್ಲ. ಮೆಕ್ಕೆಜೋಳ ಮಾರಿದ ದುಡ್ಡಿನಲ್ಲಿ ದ್ರವ ತರಿಸಿದ್ದೇವೆ. ಕೇಳಿದರೆ ‘ಫೈಲ್ ಮೇಲಿದೆ’ ಅಂತಾರೆ. ಎಷ್ಟು ಮೇಲೋ! ಪ್ರತಿ ತಿಂಗಳು 10ರೊಳಗೆ ಹಣ ಖಾತೆಗೆ ಬೀಳುವಂತೆ ಸರ್ಕಾರ ನೋಡಿಕೊಳ್ಳಲಿ.

– ಸಂಶೋಧನಾ ವಿದ್ಯಾರ್ಥಿನಿಯ ತಂದೆ, ಆನಗೋಡು, ದಾವಣಗೆರೆ ತಾಲ್ಲೂಕು