ಪೆನ್ಸಿಲ್ ಗೆರೆ ಎಳೆದ ಅಕ್ಕನಿಗೆ

ಕಥಾಸ್ಪರ್ಧೆಗೆ ಅಂದೇ ಕೊನೆಯ ದಿನ. ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಟ್ಟಿದ್ದ ಕಥೆಯನ್ನು ಯೂನಿಕೋಡ್‌ಗೆ ಬದಲಿಸಲು ಹೋದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಸಂಜೆ 7 ಗಂಟೆಗೆ ತುಮಕೂರಿನ ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಯೊಂದಕ್ಕೆ ಓಡಿದೆ. ಅರ್ಧ ಇಳಿಸಿದ್ದ ಶಟರನ್ನು ಆ ಅಕ್ಕ ಮತ್ತೆ ಮೇಲಕ್ಕೆತ್ತಿದರು. ಅರ್ಕಾವತ್ತು ತಪ್ಪಿದ ಪದಗಳನ್ನು ಒಂದೊಂದಾಗಿ ಸರಿಪಡಿಸಿದರು. ಆಮೇಲೆ ಒಂದು ಪ್ರತಿ ತೆಗೆದು, ತುಟಿಯಲುಗಿಸುತ್ತಾ ಓದಿ, ಮೂರನೆಯ ಪ್ಯಾರಾದ ಮೇಲೆ ಪೆನ್ಸಿಲ್ ಗೆರೆ ಎಳೆದರು.

“ಕಥೆ ಇಲ್ಲಿಂದ ಶುರುವಾಗುತ್ತದೆ, ಅಲ್ಲವೇ? ಒಮ್ಮೆ ಜೋರಾಗಿ ಓದಿ ನೋಡಿ.”

ಓದಿದೆ. ಮೊದಲೆರಡು ಪ್ಯಾರಾಗಳಲ್ಲಿ ನನಗೇ ಉಸಿರು ಕಟ್ಟಿತು, ತೆಗೆದುಹಾಕಿದೆ. ಇಮೇಲ್ ಹೋದಾಗ ಎದೆಯ ಭಾರ ಇಳಿಯಿತು.

ಅಕ್ಕ, ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳಲಿಲ್ಲ. ಈಗ ಏನೇ ಬರೆದರೂ ಮೊದಲು ಜೋರಾಗಿ ಓದಿಕೊಳ್ಳುತ್ತೇನೆ. ಆ ಗೆರೆಯ ಹಾಳೆ ನನ್ನ ಮೇಜಿನ ಮೇಲೆಯೇ ಇದೆ.