ನೀರು ಯಾರದ್ದು ಅಂತ ಜಗಳ ಆಡೋ ಮೊದ್ಲು ಒಂದ್ಸಲ ಮಳೇಲಿ ನಿಂತು ನೋಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತು ಅಂದ್ರೆ ಓದುಗರ ಪತ್ರಗಳಲ್ಲಿ ರಸ್ತೆ ಗುಂಡಿ, ಕಟ್ಟಿಕೊಂಡ ಚರಂಡಿ ಬಗ್ಗೆ ದೂರು ಇದ್ದೇ ಇರುತ್ತೆ, ಇರ್ಲಿ. ಆದ್ರೆ ಕಾಂಪೌಂಡ್ ಗೋಡೆಯ ಆಚೆ ಈಚೆ ಎರಡು ಮನೆ ಮಧ್ಯೆ ನಡೆಯೋ ನೀರಿನ ಜಗಳದ ಬಗ್ಗೆ ಯಾರೂ ಬರೆಯಲ್ಲ, ಬರೆದ್ರೆ ಬೆಳಿಗ್ಗೆ ಪಕ್ಕದ್ಮನೆಯವ್ರೇ ಮೊದ್ಲು ಓದ್ತಾರಲ್ಲ. ನಾನು ಅವ್ರನ್ನ ಕೇಳಿಕೊಂಡೇ ಬರೀತಿದೀನಿ.

ನಮ್ಮ ಜಾಗ ತಗ್ಗು, ಅವ್ರದ್ದು ಸ್ವಲ್ಪ ಎತ್ತರ. ಅವ್ರು ಮನೆ ಪಕ್ಕದ ಮಣ್ಣಿನ ಜಾಗಕ್ಕೆ ಪೂರ್ತಿ ಕಾಂಕ್ರೀಟ್ ಹಾಕಿಸಿ, ತಾರಸಿ ಪೈಪನ್ನ ಕಾಂಪೌಂಡ್ ಬುಡಕ್ಕೆ ಬಿಟ್ಟ ಮೇಲೆ ನಮ್ಮ ಹಿತ್ತಲು ಕೆರೆ ಆಗೋಕೆ ಶುರುವಾಯ್ತು. ಗೋಡೆ ಬುಡದಲ್ಲಿ ತೇವ ಏರಿ ಒಳಗಡೆ ಬಣ್ಣ ಉಬ್ಬಿ ಉಬ್ಬಿ ಉದುರ್ತಿತ್ತು. ನಾನು ಹೋಗಿ ಹೇಳ್ದೆ, ಹೇಳಿದ ರೀತಿ ಸರಿ ಇರ್ಲಿಲ್ಲ ಅಂತ ಈಗ ಒಪ್ಕೋತೀನಿ. "ಸಾರ್, ನಿಮ್ಮ ನೀರು ನೀವೇ ಇಟ್ಕೊಳ್ಳಿ" ಅಂದ್ರೆ ಯಾರು ತಾನೆ ಸುಮ್ನಿರ್ತಾರೆ, ಅವ್ರು "ನೀರಿಗೆ ಗಡಿ ಗೊತ್ತಾಗುತ್ತಾ, ತಗ್ಗಿಗೇ ಹರಿಯೋದು" ಅಂದ್ರು. ಅಲ್ಲಿಗೆ ಮಾತು ಬಂದ್, ಎತ್ತು ಏರಿಗೆ ಕೋಣ ನೀರಿಗೆ ಅನ್ನೋ ಹಾಗೆ ಎರಡು ಮಳೆಗಾಲ ಕಳೆದ್ವು.

ಪರಿಚಯದ ವಕೀಲರೊಬ್ಬರ ಹತ್ರ ಹೋದೆ, ನೋಟಿಸ್ ಕೊಡಿಸೋಣ ಅಂತ. ಅವ್ರು ನಕ್ಕು, ಈ ಜಗಳ ನಿಮ್ಮಿಂದ ಶುರು ಆಗಿದ್ದಲ್ಲ, ಕ್ರಿಸ್ತಪೂರ್ವ 450ರ ಸುಮಾರಿನ ರೋಮನ್ನರ ಹನ್ನೆರಡು ಫಲಕಗಳ ಕಾನೂನಲ್ಲೇ ಮಳೆನೀರಿಂದ ಪಕ್ಕದವ್ರಿಗೆ ಆಗೋ ತೊಂದ್ರೆ ಬಗ್ಗೆ ಕಲಂ ಇದೆ ಅಂದ್ರು. ಕಾನೂನು ಒಂದೊಂದು ಕಡೆ ಒಂದೊಂದು ಥರ, ಆದ್ರೆ ತುಂಬಾ ಕಡೆ ಇರೋ ತಿರುಳು ಏನಪ್ಪಾ ಅಂದ್ರೆ, ಮೇಲಿನ ಜಾಗದಿಂದ ತಾನಾಗೇ ಹರಿದು ಬರೋ ಮಳೆನೀರನ್ನ ಕೆಳಗಿನವ್ರು ಬಿಟ್ಕೊಳ್ಬೇಕು, ಆದ್ರೆ ಆ ನೀರನ್ನ ಒಂದೇ ಕಡೆ ಸೇರಿಸಿ ಪೈಪಲ್ಲಿ ಪಕ್ಕದವ್ರ ಮೇಲೆ ಬಿಡೋ ಹಾಗಿಲ್ಲ. ನಾನು ಖುಷಿಯಾಗಿ ಎದ್ದೆ. ಅಷ್ಟರಲ್ಲಿ ಅವ್ರು, ಹರಿದು ಬರೋ ನೀರಿಗೆ ನೀವೇನಾದ್ರೂ ಅಡ್ಡ ಕಟ್ಟಿದೀರಾ ಅಂತ ಕೇಳಿದ್ರು. ಇಲ್ಲ ಅಂದೆ. ಸುಳ್ಳು ಹೇಳಿದ್ದಲ್ಲ, ನಿಜವಾಗ್ಲೂ ಇಲ್ಲ ಅಂತಾನೇ ಅಂದ್ಕೊಂಡಿದ್ದೆ.

ಗೊತ್ತಾಗಿದ್ದು ಒಂದು ಜೋರು ಮಳೇಲಿ. ಪಕ್ಕದ್ಮನೆಯವ್ರ ತಾರಸಿ ಪೈಪಿನ ಫೋಟೋ ತೆಗೆದು ಸಾಕ್ಷಿ ಇಟ್ಕೊಳ್ಳೋಣ ಅಂತ ಕೊಡೆ ಹಿಡ್ಕೊಂಡು ಹಿತ್ತಲಿಗೆ ಹೋದೆ, ಅವ್ರೂ ಆ ಕಡೆ ಕೊಡೆ ಹಿಡ್ಕೊಂಡು ನಿಂತಿದ್ರು, ಮೊಬೈಲ್ ನನ್ನ ಕಡೆಗೇ ಇತ್ತು. ನಾಚಿಕೆ ಆಗಿ ಇಬ್ರೂ ನಕ್ವಿ. ಹಾಗೇ ನಿಂತು ನೋಡಿದ್ರೆ, ಅವ್ರ ಕಡೆಯಿಂದ ಬರ್ತಿದ್ದ ನೀರು ಎಷ್ಟೋ, ನಮ್ಮ ತಾರಸಿಯಿಂದ ಬೀಳ್ತಿದ್ದದ್ದೂ ಹೆಚ್ಚುಕಮ್ಮಿ ಅಷ್ಟೇ! ಲೆಕ್ಕ ಸುಲಭ, ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಲೀಟರ್, 100 ಚದರ ಮೀಟರ್ ತಾರಸಿಗೆ 20 ಮಿಲಿಮೀಟರ್ ಬಿದ್ರೆ 2,000 ಲೀಟರ್. ಮನೆ ಗೋಡೆಯಿಂದ ಆಚೆಗೆ ಮೊದಲ 10 ಅಡೀಲಿ 6 ಇಂಚಾದ್ರೂ ವಾಟ, ಅಂದ್ರೆ ಇಳಿಜಾರು, ಇರ್ಬೇಕಂತೆ, ನಾನು ಆಸೆಪಟ್ಟು ಮಣ್ಣು ಏರಿಸಿ ಮಾಡಿದ್ದ ಹೂವಿನ ಪಾತಿಯಿಂದ ವಾಟ ಉಲ್ಟಾ ಆಗಿ ನೀರು ಮನೆ ಕಡೆಗೇ ಬರ್ತಿತ್ತು, ಜೊತೆಗೆ ಅದು ನೀರು ಹೋಗೋ ದಾರಿಗೆ ಅಡ್ಡ ಕೂಡ. ಅವ್ರ ಪೈಪೂ ತಪ್ಪು, ನನ್ನ ಪಾತಿಯೂ ತಪ್ಪು.

ಮೊದ್ಲು ಇಂಗುಗುಂಡಿ ಮಾಡೋಣ ಅಂದ್ಕೊಂಡ್ವಿ. ಅದಕ್ಕೂ ಮುಂಚೆ ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ ಬಿಟ್ವಿ, ಮಾರನೇ ದಿನ ನೋಡಿದ್ರೆ ಅರ್ಧ ನೀರು ಹಾಗೇ ನಿಂತಿತ್ತು. ಜೇಡಿಮಣ್ಣು, ಇಂಗಲ್ಲ, ಆ ಐಡಿಯಾ ಬಿಟ್ವಿ. ಆಮೇಲೆ ಮೇಸ್ತ್ರಿ ಕರೆಸಿ, ನೀರು ತುಂಬಿದ ಟ್ಯೂಬ್ ಇಟ್ಟು ಎರಡೂ ಜಾಗದ ಲೆವೆಲ್ ನೋಡಿಸಿದ್ವಿ. ಇದು ಬಹಳ ಮುಖ್ಯ ಸಾರ್, ಕಣ್ಣಂದಾಜು ಮೋಸ ಮಾಡುತ್ತೆ, ಎತ್ತರ ಅಂದ್ಕೊಂಡಿದ್ದ ಮೂಲೆನೇ ತಗ್ಗಿತ್ತು. ಕಾಂಪೌಂಡ್ ಪಕ್ಕ ನಮ್ಮ ಕಡೆ ಕಾಲುವೆ ತೋಡಿ, ಮಣ್ಣು ಒಳಗೆ ಬರದ ಹಾಗೆ ತಡೆಯೋ ಸೋಸು ಬಟ್ಟೆ ಹಾಸಿ, ಜಲ್ಲಿ ತುಂಬಿ, ಮಧ್ಯೆ ತೂತಿನ ಪೈಪ್ ಕೂರಿಸಿದ್ವಿ, 40 ಅಡಿಗೆ ಸುಮಾರು 5 ಇಂಚು ಇಳಿಜಾರು. ತೂತು ಮೇಲ್ಮುಖ ಇರ್ಬೇಕು ಅಂತ ನಾನು ವಾದ ಮಾಡಿದ್ದೆ, ಆದ್ರೆ ನೀರು ಕಾಲುವೆ ತಳದಿಂದ ಮೇಲಕ್ಕೆ ಏರ್ತಾ ಪೈಪಿಗೆ ಸೇರೋದ್ರಿಂದ ತೂತು ಕೆಳಮುಖನೇ ಇರ್ಬೇಕು ಅಂದ್ರು ಮೇಸ್ತ್ರಿ, ಅವ್ರು ಹೇಳಿದ್ದೇ ಸರಿ. ಎರಡೂ ತಾರಸಿ ನೀರಿಗೆ ಮಾತ್ರ ತೂತಿಲ್ಲದ ಬೇರೆ ಪೈಪ್ ಹಾಕಿ ನೇರ ರಸ್ತೆ ಮೋರಿಗೆ ಬಿಟ್ವಿ, ತೂತಿನ ಪೈಪಿಗೆ ಸೇರಿಸಿದ್ರೆ ಆ ನೀರು ವಾಪಸ್ ಮಣ್ಣಿಗೇ ಇಳಿಯುತ್ತೆ. ನನ್ನ ಪಾತಿ ಹೋಯ್ತು, ಅದೊಂದು ಬೇಜಾರು ಇನ್ನೂ ಇದೆ.

ಖರ್ಚು ಅರ್ಧ ಅರ್ಧ. ಅದಕ್ಕಿಂತ ಉಪಯೋಗಕ್ಕೆ ಬಂದಿದ್ದು ಒಂದು ಹಾಳೆ ಕಾಗದ. ಪೈಪ್ ಎಲ್ಲಿ ಎಷ್ಟು ಆಳದಲ್ಲಿದೆ, ಕಟ್ಟಿಕೊಂಡ್ರೆ ಯಾರು ತೆಗೆಸ್ಬೇಕು, ಮನೆ ಮಾರಿದ್ರೆ ಕೊಂಡವ್ರಿಗೆ ತಿಳಿಸ್ಬೇಕು ಅಂತೆಲ್ಲ ಬರೆದು ಇಬ್ರೂ ಸೈನ್ ಮಾಡಿದೀವಿ, ಕಾಲುವೆ ಮುಚ್ಚೋ ಮೊದ್ಲು ತೆಗೆದ ಫೋಟೋನೂ ಇಬ್ರ ಹತ್ರ ಇದೆ. ಸ್ನೇಹ ಇದ್ದಾಗ ಕಾಗದ ಯಾಕೆ ಅಂತ ಅವ್ರಿಗೆ ಅನಿಸಿತ್ತು, ನಾನೇ ಬಿಡ್ಲಿಲ್ಲ.

ಅದೇ ಕಾಗದದ ಪ್ರಕಾರ ಪೈಪ್ ಬಾಯಲ್ಲಿ ಸೇರ್ಕೊಂಡಿರೋ ಎಲೆ ಕಸ ತೆಗೆಯೋ ಸರದಿ ಈ ತಿಂಗಳು ಅವ್ರದ್ದು. ಇನ್ನೂ ತೆಗೆದಿಲ್ಲ. ಈ ಪತ್ರ ಅಚ್ಚಾದ್ರೆ ನೋಡ್ತಾರೆ ಅನ್ಕೊಂಡಿದೀನಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬರು