ಒಳ್ಳೆ ಬ್ರೇಕು ಬಿಚ್ಚಿಟ್ಟು ಬರಬೇಕೇ? ಮಹಾರಾಷ್ಟ್ರದ ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ,

ಪುಣೆಯಿಂದ ನಮಸ್ಕಾರ. ಈ ಪತ್ರದ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುತ್ತಿದ್ದೇನೆ, ಯಾಕೆಂದರೆ ಇದು ನನ್ನೊಬ್ಬನ ಪಾಡಲ್ಲ. ಬೆಳಗಾವಿ, ದಾಂಡೇಲಿ, ಸಕಲೇಶಪುರದಲ್ಲಿ ಹಳೇ ಜೀಪು ಇಟ್ಟುಕೊಂಡಿರುವ ಗೆಳೆಯರಿಗೂ ಇದೇ ಕಾನೂನು, ಇದೇ ಗೊಂದಲ.

ಕಳೆದ ಮಳೆಗಾಲದ ಒಂದು ಬೆಳಗ್ಗೆಯ ವಿಷಯ ಮೊದಲು ಹೇಳುತ್ತೇನೆ. ನನ್ನ ಮಹೀಂದ್ರ ಎಂಎಂ 540 ಜೀಪಿನ ನೋಂದಣಿ ನವೀಕರಣಕ್ಕೆ ತಪಾಸಣೆ ಇತ್ತು. ಅದಕ್ಕೂ ಮುಂಚೆ ಎರಡು ದಿನ ಗ್ಯಾರೇಜಿನಲ್ಲಿ ಕೂತು, ಮುಂದಿನ ಚಕ್ರಗಳಿಗೆ ನಾನೇ ಹಾಕಿಸಿದ್ದ ಡಿಸ್ಕ್ ಬ್ರೇಕು ಬಿಚ್ಚಿಸಿದೆ. ಪವರ್ ಸ್ಟೀರಿಂಗ್ ಬಿಚ್ಚಿಸಿದೆ. ತಲೆ ಮೇಲಿನ ರೋಲ್ ಕೇಜನ್ನೂ, ಅಂದರೆ ಪೈಪಿನ ಗಟ್ಟಿ ಚೌಕಟ್ಟನ್ನೂ, ಇಳಿಸಿದೆ. "ಹೀಗೇ ತಂದರೆ ಪಾಸಾಗಲ್ಲ ಸಾಹೇಬ್ರೇ, ಎಲ್ಲ ಮೊದಲಿನ ಹಾಗೆ ಮಾಡಿ ತನ್ನಿ, ಆಮೇಲೆ ಮತ್ತೆ ಹಾಕ್ಕೊಳ್ಳಿ" ಅಂತ ಏಜೆಂಟ್ ಹೇಳಿದ್ದ. ಹಳೇ ಡ್ರಮ್ ಬ್ರೇಕಿನ ಮೇಲೆ ಮಳೆಯಲ್ಲೇ ಹೊರಟೆ. ಡ್ರಮ್ಮಿನೊಳಗೆ ನೀರು ಹೊಕ್ಕರೆ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ, ಹಿಡಿದರೂ ಒಂದೇ ಕಡೆ ಎಳೆಯುತ್ತದೆ. ಸೇತುವೆ ಇಳಿಯುವಾಗ ಎದುರಿಗೆ ಶಾಲೆಯ ರಿಕ್ಷಾ ನಿಂತಿತು. ತುಳಿದೆ. ಜೀಪು ಎಡಕ್ಕೆ ಎಳೆದುಕೊಂಡು ಹೋಗಿ, ರಿಕ್ಷಾದಿಂದ ಒಂದು ಮಾರು ದೂರದಲ್ಲಿ ನಿಂತಿತು. ಒಳಗೆ ಮಕ್ಕಳಿದ್ದರು.

ಅವತ್ತು ಜೀಪು ಪಾಸಾಯಿತು. ಸುಳ್ಳು ಹೇಳಿ ಪಾಸು ಮಾಡಿಸಿಕೊಂಡೆ ಎಂಬ ನೋವು ಇವತ್ತಿಗೂ ಹೋಗಿಲ್ಲ.

ಇದು ಅಪ್ಪನ ಜೀಪು, 1991ರ ಮಾಡೆಲ್. ಬೈಂದೂರು ಕಡೆಯಿಂದ ಬಂದ ಅಪ್ಪ ಸ್ವಾರ್‌ಗೇಟ್ ಹತ್ತಿರ ಹೋಟೆಲ್ ನಡೆಸುತ್ತಿದ್ದರು. ನಸುಕಿನಲ್ಲಿ ಮಾರ್ಕೆಟ್ ಯಾರ್ಡಿನಿಂದ ಈರುಳ್ಳಿ, ಆಲೂಗಡ್ಡೆ ಇದರಲ್ಲೇ ಬರುತ್ತಿತ್ತು. ಅಪ್ಪ ಹೋದ ಮೇಲೆ ಒಂಬತ್ತು ವರ್ಷ ತಗಡಿನ ಶೆಡ್ಡಿನಲ್ಲಿ ನಿಂತಿತ್ತು. ನಾನು ಹೊರಗೆ ತಂದಾಗ ಫ್ಲೋರು ತುಕ್ಕು ಹಿಡಿದು ನೆಲ ಕಾಣುತ್ತಿತ್ತು. 2,112 ಸಿಸಿಯ ಪೂಜೋ ಡೀಸೆಲ್ ಎಂಜಿನ್ ಜಾಮ್ ಆಗಿತ್ತು. ಒಂದೊಂದು ಬೇರಿಂಗಿಗೂ ನಾನಾ ಪೇಠೆಯ ಅಂಗಡಿಗಳನ್ನು ಸುತ್ತಿದ್ದೇನೆ. ಎಂಜಿನ್ ಬೋರ್ ಮಾಡಿಸಿದೆ, ಕುಸಿದಿದ್ದ ಪಾಟಾಗಳಿಗೆ (ಸ್ಪ್ರಿಂಗ್ ಪಟ್ಟಿಗಳಿಗೆ) ಕಮ್ಮಾರನ ಹತ್ತಿರ ಮತ್ತೆ ಬಾಗು ಕೊಡಿಸಿದೆ. ಎರಡು ವರ್ಷ ಹಿಡಿಯಿತು. ಚಾಸಿ ನಂಬರು, ಎಂಜಿನ್ ನಂಬರು ಅವೇ ಇವೆ. ಬಣ್ಣವೂ ಅಪ್ಪನ ಕಾಲದ್ದೇ. ಮುಳಶಿ ಕಡೆಯ ಕಲ್ಲುದಾರಿಯಲ್ಲಿ ಚಿಕ್ಕ ಲಿವರ್ ಎಳೆದು ಫೋರ್ ಲೋಗೆ, ಅಂದರೆ ನಾಲ್ಕೂ ಚಕ್ರ ನಿಧಾನವಾಗಿ ಜೋರು ಹಾಕುವ ಗಿಯರಿಗೆ, ಹಾಕಿದರೆ, ಏರು ಹತ್ತುವ ಎತ್ತಿನ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಹತ್ತುತ್ತದೆ. ಆ ಎಂಜಿನ್ ಸದ್ದು ಕೇಳುವಾಗ ಅಪ್ಪ ಪಕ್ಕದಲ್ಲೇ ಕೂತಂತಿರುತ್ತದೆ.

ನಾನು ಬದಲಿಸಿದ್ದು ಮೂರೇ. ಬೊಲೆರೊದ ಡಿಸ್ಕ್ ಬ್ರೇಕು, ಬೊಲೆರೊದ ಪವರ್ ಸ್ಟೀರಿಂಗ್, ಮತ್ತೆ ರೋಲ್ ಕೇಜ್. ಬಟ್ಟೆ ಹೊದಿಕೆಯ ಜೀಪು ಮಗುಚಿದರೆ ತಲೆ ಕಾಯಲು ಬೇರೇನಿದೆ ಹೇಳಿ?

ಈಗ ಕಾನೂನಿಗೆ ಬರುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಇರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಆದರೆ ನನ್ನ ಆರ್‌ಸಿಯಲ್ಲಿ ಬ್ರೇಕಿನ ಬಗ್ಗೆ ಒಂದು ಸಾಲೂ ಇಲ್ಲ, ಸ್ಟೀರಿಂಗಿನ ಬಗ್ಗೆಯೂ ಇಲ್ಲ. ಹಾಗಾಗಿ ಒಬ್ಬ ಇನ್‌ಸ್ಪೆಕ್ಟರ್ ಸರಿ ಅನ್ನುತ್ತಾರೆ, ಇನ್ನೊಬ್ಬರು ತಪ್ಪು ಅನ್ನುತ್ತಾರೆ. ಬರೆದು ಕೊಡಿ ಅಂದರೆ ಯಾರೂ ಕೊಡುವುದಿಲ್ಲ. ಏಜೆಂಟರಿಗೆ ಇದರಿಂದಲೇ ಕೆಲಸ ಸಿಗುವುದು.

2021ರಲ್ಲಿ ಬಂದ ವಿಂಟೇಜ್ ನಿಯಮ 50 ವರ್ಷ ದಾಟಿದ ಗಾಡಿಗಳಿಗೆ ಮಾತ್ರ. ಅದರಲ್ಲೂ ದಿನನಿತ್ಯ ಓಡಿಸುವಂತಿಲ್ಲ. ನಮ್ಮಂಥವರು ನಡುವೆ ಸಿಕ್ಕಿಕೊಂಡಿದ್ದೇವೆ. ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಆಯಿತು. ಕೊಡುವುದಕ್ಕೆ ಬೇಸರವಿಲ್ಲ. ಹೊಗೆ ತಪಾಸಣೆ ಎಷ್ಟು ಬಿಗಿಯಾದರೂ ಒಪ್ಪುತ್ತೇನೆ.

ದಾರಿ ನಮ್ಮ ಊರಲ್ಲೇ ಇದೆ ಸಾಹೇಬರೇ. ಕೋಥ್ರೂಡ್‌ನ ವೇತಾಳ ಗುಡ್ಡದ ಮೇಲೆ ವಾಹನಗಳನ್ನು ಪರೀಕ್ಷಿಸುವ ಸಂಸ್ಥೆ ಎಆರ್‌ಎಐ ಇದೆ. 1966ರಲ್ಲಿ ಶುರುವಾದದ್ದು. ಸಿಎನ್‌ಜಿ ಕಿಟ್, ಎಲೆಕ್ಟ್ರಿಕ್ ಕಿಟ್‌ಗಳನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವ ಸಂಸ್ಥೆಗಳಲ್ಲಿ ಅದೂ ಒಂದು. ಒಪ್ಪಿಗೆ ಪಡೆದ ಕಿಟ್ ಹಾಕಿಸಿದರೆ ಆರ್‌ಸಿಯಲ್ಲಿ ದಾಖಲಾಗುತ್ತದೆ, ಅಲ್ವಾ? ಡೀಸೆಲ್ ಎಂಜಿನನ್ನೇ ತೆಗೆದು ಬ್ಯಾಟರಿ ಕೂರಿಸಲು ದಾರಿ ಇರುವಾಗ, ಡ್ರಮ್ಮಿನ ಜಾಗಕ್ಕೆ ಡಿಸ್ಕ್ ಕೂರಿಸಲು ಯಾಕಿಲ್ಲ? ಹಳೇ ಜೀಪು, ಜಿಪ್ಸಿಗಳ ಬ್ರೇಕು, ಸ್ಟೀರಿಂಗ್, ರೋಲ್ ಕೇಜ್, ಸೀಟ್ ಬೆಲ್ಟಿಗೆ ಇಂಥದ್ದೇ ಒಂದು ಮಾನದಂಡ ಬರಲಿ. ಕೇಂದ್ರಕ್ಕೆ ನೀವು ಪತ್ರ ಬರೆಯಿರಿ. ಅಲ್ಲಿಯವರೆಗೆ ಯಾವುದು ಸರಿ, ಯಾವುದು ತಪ್ಪು ಅಂತ ಎಲ್ಲ ಆರ್‌ಟಿಒಗಳಿಗೆ ಒಂದೇ ಲಿಖಿತ ಪಟ್ಟಿ ಕೊಡಿಸಿ.

ನಮ್ಮವರ ತಪ್ಪೂ ಇದೆ. ಜೀಪನ್ನು ವಿಪರೀತ ಎತ್ತರಕ್ಕೆ ಎಬ್ಬಿಸಿ, ಟ್ರ್ಯಾಕ್ಟರಿನಂಥ ಟೈರು ಹಾಕಿ ಊರೊಳಗೆ ಓಡಿಸುತ್ತಾರೆ. ಟೈರು ದೊಡ್ಡದಾದಷ್ಟೂ ಬ್ರೇಕಿನ ಮೇಲೆ ಭಾರ ಜಾಸ್ತಿ, ಗಾಡಿ ಮಗುಚುವುದೂ ಬೇಗ. ಕಣ್ಣು ಕುಕ್ಕುವ ದೀಪ, ಮುಂದೆ ಕಬ್ಬಿಣದ ಬುಲ್ ಬಾರ್, ಇವಕ್ಕೆ ದಂಡ ಹಾಕಿ. ನಾನು ಅಡ್ಡ ಬರುವುದಿಲ್ಲ. ಮಳೆ ಮುಗಿದು ಹೂ ಬಿಡುವ ಸಹ್ಯಾದ್ರಿಯ ಸಡೆಗಳ (ಕಲ್ಲುಹಾಸಿನ ಬಯಲುಗಳ) ಮೇಲೆ ಜೀಪು ಹತ್ತಿಸುವವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ. ಅಂಗೈಯಷ್ಟು ಮಣ್ಣಿನಲ್ಲಿ ಬೆಳೆದ ಗಿಡ ಅದು, ಒಂದು ಸಲ ಟೈರು ಹರಿದರೆ ಹೋಯಿತು. ವಾಘೋಲಿ ಕಡೆ ಕೆಲಸ ನಿಂತ ಕಲ್ಲುಕ್ವಾರಿ ಒಂದನ್ನು ಜೀಪು ಓಡಿಸಲು ನಮಗೆ ಬಿಟ್ಟುಕೊಡಿ. ಬಾಡಿಗೆ ಕಟ್ಟುತ್ತೇವೆ, ನಿಯಮ ಪಾಲಿಸುತ್ತೇವೆ. ಗುಡ್ಡಗಳು ಉಳಿದುಕೊಳ್ಳುತ್ತವೆ.

ಬಿಚ್ಚಿದ್ದನ್ನೆಲ್ಲ ಅವತ್ತೇ ಮತ್ತೆ ಹಾಕಿಸಿದೆ. ಹಳೇ ಡ್ರಮ್ಮುಗಳು ಮನೆಯ ಮೆಟ್ಟಿಲ ಕೆಳಗೆ ಗೋಣಿಚೀಲದಲ್ಲಿವೆ, ಐದು ವರ್ಷದ ನಂತರದ ತಪಾಸಣೆಗಾಗಿ. ಅಷ್ಟರೊಳಗೆ ಅವನ್ನು ಗುಜರಿಗೆ ಹಾಕುವ ಹಾಗೆ ಮಾಡಿಕೊಡಿ.

ನಿಮ್ಮ ವಿಶ್ವಾಸಿ,
ಪುಣೆಯ ಒಬ್ಬ ಜೀಪು ಮಾಲೀಕ